ಬೆಲ್ಟ್ ಎಲ್ಲಿಯವರೆಗೆ ಏರುತ್ತದೆ?

ಗೇರಿಲ್ಲದ ಸ್ಕೂಟರಿನ ಟಾಪ್ ಸ್ಪೀಡ್ ಹೆಚ್ಚಿಸಬೇಕು ಅಂದವರು ಮೊದಲು ಕೈಹಾಕುವುದು ರೋಲರ್‌ಗಳಿಗೆ. ಬೆಲ್ಟಿನ ಕವರ್ ಬಿಚ್ಚಿ ಮುಂದಿನ ಪುಲ್ಲಿ ಕಳಚಿದರೆ ಅದರ ಬೆನ್ನಿನಲ್ಲಿ ಸಾಮಾನ್ಯವಾಗಿ ಆರು ರೋಲರ್‌ಗಳಿರುತ್ತವೆ. ಹಗುರವಾದವು ಹಾಕಿದರೆ ವೇಗ ಎನ್ನುವವರಿದ್ದಾರೆ, ಭಾರವಾದವು ಹಾಕಬೇಕು ಎನ್ನುವವರೂ ಇದ್ದಾರೆ. ಟಾಪ್ ಸ್ಪೀಡಿನ ಮಟ್ಟಿಗೆ ಬಹುಪಾಲು ಸಂದರ್ಭಗಳಲ್ಲಿ ಎರಡೂ ಗುರಿ ತಪ್ಪುತ್ತವೆ.

ಮುಂದಿನ ಪುಲ್ಲಿ ಎಂದರೆ ಎದುರುಬದುರಾದ ಎರಡು ಇಳಿಜಾರು ತಟ್ಟೆಗಳು. ಒಂದು ಸರಿಯದು, ಇನ್ನೊಂದು ಸರಿಯುತ್ತದೆ. ಎಂಜಿನ್ ಜೋರಾಗಿ ತಿರುಗಿದಂತೆ ರೋಲರ್‌ಗಳು ಅಂಚಿನತ್ತ ಹೊರಳಿ ಸರಿಯುವ ತಟ್ಟೆಯನ್ನು ಒತ್ತುತ್ತವೆ. ಸಂದು ಕಿರಿದಾಗಿ ಬೆಲ್ಟ್ ಮೇಲೇರುತ್ತದೆ. ಬೆಲ್ಟಿನ ಉದ್ದ ಹೆಚ್ಚುವುದಿಲ್ಲವಾದ್ದರಿಂದ ಹಿಂದಿನ ಪುಲ್ಲಿಯಲ್ಲಿ ಅದು ಸ್ಪ್ರಿಂಗನ್ನು ಅದುಮಿಕೊಂಡು ಒಳಕ್ಕಿಳಿಯಲೇಬೇಕು. ಮುಂದೆ ಚಿಕ್ಕ ವೃತ್ತ, ಹಿಂದೆ ದೊಡ್ಡ ವೃತ್ತ ಇದ್ದಾಗ ಏರು ಹತ್ತುವ ಶಕ್ತಿ. ಅದು ತಿರುವುಮುರುವಾದಾಗ ಓಟ. ಇದನ್ನೆಲ್ಲ ತೀರ್ಮಾನಿಸಲು ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ರೋಲರ್‌ನ ಒತ್ತಡವೂ ಸ್ಪ್ರಿಂಗ್‌ನ ಪ್ರತಿರೋಧವೂ ಎಲ್ಲಿ ಸಮವಾಗುತ್ತವೋ ಅದೇ ಆ ಕ್ಷಣದ ಗೇರು. ಇಷ್ಟು ಸರಳವಾದ ಯಂತ್ರ ಇಷ್ಟು ನಿಖರವಾಗಿ ನಡೆಯುವುದು ನನಗೆ ಇಂದಿಗೂ ಬೆರಗು.

ನೆದರ್ಲೆಂಡ್ಸ್‌ನ ಹಬ್ ವ್ಯಾನ್ ಡೋರ್ನ್ ಈ ತತ್ವವನ್ನು 1958ರಲ್ಲಿ ಡಾಫ್ 600 ಎಂಬ ಪುಟ್ಟ ಕಾರಿನಲ್ಲಿ ತೋರಿಸಿದರು. 1993ರಲ್ಲಿ ವಿಲಿಯಮ್ಸ್ ತಂಡ ಇದೇ ಬಗೆಯ ವ್ಯವಸ್ಥೆಯನ್ನು ಫಾರ್ಮುಲಾ ಒನ್ ಕಾರಿನಲ್ಲಿ ಪರೀಕ್ಷಿಸಿತು. ಮರುವರ್ಷದ ನಿಯಮಗಳು ಅದನ್ನು ನಿಷೇಧಿಸಿದವು. ಎಂಜಿನ್ನನ್ನು ಗರಿಷ್ಠ ಶಕ್ತಿಯ ಆರ್‌ಪಿಎಂನಲ್ಲೇ ಹಿಡಿದಿಟ್ಟು ಗಾಡಿಯ ವೇಗವನ್ನಷ್ಟೇ ಏರಿಸಬಲ್ಲದು ಎಂಬುದೇ ಇದರ ದೊಡ್ಡ ಗುಣ.

ರೋಲರ್‌ನ ತೂಕ ನಿರ್ಧರಿಸುವುದು ಆ ಆರ್‌ಪಿಎಂ ಅನ್ನು. ರೋಲರ್ ಒತ್ತುವ ಬಲವು ಅದರ ತೂಕಕ್ಕೆ ನೇರವಾಗಿಯೂ, ಆರ್‌ಪಿಎಂನ ವರ್ಗಕ್ಕೆ ಅನುಗುಣವಾಗಿಯೂ ಬೆಳೆಯುತ್ತದೆ. 12 ಗ್ರಾಂ ತೆಗೆದು 10 ಗ್ರಾಂ ಹಾಕಿದರೆ ಅಷ್ಟೇ ಒತ್ತಡಕ್ಕೆ ಎಂಜಿನ್ ಸುಮಾರು ಶೇ. 9.5ರಷ್ಟು ಹೆಚ್ಚು ತಿರುಗಬೇಕು. ಪಿಕಪ್ ಚುರುಕಾಗಬಹುದು, ಪೆಟ್ರೋಲ್ ಖರ್ಚೂ ಏರುತ್ತದೆ. ಭಾರದ ರೋಲರ್ ಹಾಕಿದರೆ ಬೆಲ್ಟ್ ಬೇಗ ಮೇಲೇರುತ್ತದೆ, ಎಂಜಿನ್ ಶಾಂತವಾಗಿರುತ್ತದೆ, ಪಿಕಪ್ ಮಂದವಾಗುತ್ತದೆ. ಆದರೆ ಬೆಲ್ಟ್ ಅದಾಗಲೇ ಅಂಚು ಮುಟ್ಟುತ್ತಿದ್ದರೆ ಎಷ್ಟು ಭಾರ ಹಾಕಿದರೂ ಅದು ಇನ್ನಷ್ಟು ಮೇಲೇರಲಾರದು.

ಮುಟ್ಟುತ್ತಿದೆಯೇ ಎಂದು ತಿಳಿಯಲು ಮಾರ್ಕರ್ ಪೆನ್ ಸಾಕು. ಪುಲ್ಲಿಯ ತಟ್ಟೆಯ ಮೇಲೆ ನಡುವಿನಿಂದ ಅಂಚಿನವರೆಗೆ ಗೆರೆ ಎಳೆದು, ಒಮ್ಮೆ ಗಾಡಿಯನ್ನು ಪೂರ್ತಿ ವೇಗಕ್ಕೆ ಓಡಿಸಿ ಮತ್ತೆ ಬಿಚ್ಚಿ ನೋಡಬೇಕು. ಬೆಲ್ಟ್ ಹೋದಷ್ಟು ದೂರ ಶಾಯಿ ಅಳಿಸಿರುತ್ತದೆ. ಅಂಚಿನವರೆಗೂ ಅಳಿಸಿದ್ದರೆ ಉಳಿದ ದಾರಿಗಳು ಮುಖ್ಯವಾಗಿ ಎರಡು: ತಟ್ಟೆಯನ್ನೋ ಒಳಗಿನ ಬುಷ್ಷನ್ನೋ ಲೇತಿಗೆ ಕೊಟ್ಟು ಸಂದನ್ನು ಇನ್ನಷ್ಟು ಕಿರಿದಾಗಿಸುವುದು, ಇಲ್ಲವೇ ಹಿಂಚಕ್ರದ ಬಳಿಯ ಗೇರುಗಳನ್ನು ಬದಲಿಸುವುದು.

ಇಲ್ಲಿ ಗಾಳಿ ಅಡ್ಡ ಬರುತ್ತದೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 85 ಕಿ.ಮೀ. ಓಡುವ ಗಾಡಿ 95 ಮುಟ್ಟಲು ಸುಮಾರು 1.4 ಪಟ್ಟು ಶಕ್ತಿ ಬೇಕು. 110 ಸಿಸಿ ಎಂಜಿನ್ ಕೊಡುವುದೇ ಎಂಟು ಅಶ್ವಶಕ್ತಿಯ ಆಸುಪಾಸು. ಪುಲ್ಲಿ ಅದಕ್ಕೆ ಏನನ್ನೂ ಕೂಡಿಸದು. ಸಮತಟ್ಟು ರಸ್ತೆಯಲ್ಲಿ ಎಂಜಿನ್ ತನ್ನ ಗರಿಷ್ಠ ಶಕ್ತಿಯ ಆರ್‌ಪಿಎಂ ದಾಟಿ ಕಿರುಚುತ್ತಿದ್ದರೆ ಮಾತ್ರ ಲೇತಿನ ಕೆಲಸಕ್ಕೆ ಫಲ. ಇಲ್ಲವಾದರೆ ಎಂಜಿನ್ ಏದುಸಿರು ಬಿಟ್ಟು ವೇಗ ಇನ್ನೂ ಕುಸಿಯಬಹುದು. ವೇಗ ಸಿಕ್ಕರೂ ಬ್ರೇಕ್ ಹಳೆಯದೇ. 85ರಿಂದ 95ಕ್ಕೆ ಏರಿದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲುವ ದೂರ ಕಾಲುಭಾಗ ಹೆಚ್ಚುತ್ತದೆ. ಸಣ್ಣ ಚಕ್ರದ ಗಾಡಿಯಲ್ಲಿ ಇದನ್ನು ಹಗುರವಾಗಿ ಎಣಿಸಲಾಗದು.

ಹಳೆಯ ಸ್ಕೂಟರ್ ನಿಧಾನವಾಗಿದ್ದರೆ ಕಾರಣ ಎಷ್ಟೋ ಸಲ ಸವೆತ. ಬೆಲ್ಟ್ 1 ಮಿ.ಮೀ. ಕಿರಿದಾದರೆ ಅದು ಮುಂದಿನ ಪುಲ್ಲಿಯಲ್ಲಿ ಸುಮಾರು 2 ಮಿ.ಮೀ. ಕೆಳಗೆ ಕೂರುತ್ತದೆ, ಹಿಂದಿನ ಪುಲ್ಲಿಯಲ್ಲಿ ಅದಕ್ಕೆ ತಕ್ಕಂತೆ ಹೊರಕ್ಕೆ. ಸವೆದು ಒಂದು ಬದಿ ಚಪ್ಪಟೆಯಾದ ರೋಲರ್ ಅಂಚಿಗೆ ಹೊರಳುವುದೂ ಇಲ್ಲ. ವರ್ನಿಯರ್ ಹಿಡಿದು ಬೆಲ್ಟಿನ ಅಗಲ ಅಳೆದು, ಸರ್ವಿಸ್ ಕೈಪಿಡಿಯ ಮಿತಿಗಿಂತ ಕಡಿಮೆಯಿದ್ದರೆ ಬೆಲ್ಟು, ರೋಲರ್ ಎರಡನ್ನೂ ಕಂಪನಿಯ ಮೂಲ ಅಳತೆಯಲ್ಲೇ ಹೊಸದು ಹಾಕಿಸಿ, ಮತ್ತೆ ಮಾರ್ಕರ್ ಗೆರೆ ಎಳೆದು ನೋಡಿ.