ಆವಣಿಯ ತ್ರಿಭುವನಕರ್ತಾರ

ಹಳಗನ್ನಡ ಶಾಸನಗಳನ್ನು ಪಾಠ ಹೇಳುವ ನಮ್ಮಂಥವರಿಗೆ ಒಂದು ದುರಭ್ಯಾಸವುಂಟು. ಱಕಾರವೆಲ್ಲಿ, ೞಕಾರವೆಲ್ಲಿ, ವಿಭಕ್ತಿಪ್ರತ್ಯಯದ ರೂಪವೇನು ಎಂದು ಹುಡುಕುವ ಭರದಲ್ಲಿ, ಆ ಕಲ್ಲನ್ನು ಯಾರ ನೆನಪಿಗಾಗಿ ನಿಲ್ಲಿಸಿದರೋ ಅವರನ್ನೇ ಮರೆತುಬಿಡುತ್ತೇವೆ. ನಾನೂ ಹಲವು ವರ್ಷ ಹಾಗೆಯೇ ನಡೆದುಕೊಂಡವನು. ಆವಣಿಯ ಶಾಸನವನ್ನು ಓದಿಸುತ್ತಿದ್ದ ಒಂದು ದಿನ ನನ್ನೂರಾದ ನಂದಗುಡಿಯ ಕಡೆಯ ಹುಡುಗನೊಬ್ಬ ಎದ್ದುನಿಂತು, "ಇವರು ಯಾವ ಗ್ರಂಥ ಬರೆದಿದ್ದಾರೆ, ಸಾರ್?" ಎಂದು ಕೇಳಿದ. ಶಾಸನ ಗ್ರಂಥಗಳ ಮಾತನ್ನು ಎತ್ತುವುದಿಲ್ಲವೆಂದೆ. "ಹಾಗಾದರೆ ಇವರನ್ನು ಏಕೆ ಓದಬೇಕು?" ಎಂದ. ಅಷ್ಟರಲ್ಲಿ ಗಂಟೆ ಬಾರಿಸಿತು. ತರಗತಿಯಿಂದ ಪಾರಾದೆನೇ ಹೊರತು ಪ್ರಶ್ನೆಯಿಂದ ಪಾರಾಗಲಿಲ್ಲ.

ಆವಣಿ ಇರುವುದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಲ್ಲಿ. ಹತ್ತನೆಯ ಶತಮಾನದಲ್ಲಿ ಅಲ್ಲಿ ಪ್ರಬಲವಾದ ಶೈವ ಗುರುಪೀಠವೊಂದಿತ್ತು. ಅದರ ಅಧಿಪತಿ ತ್ರಿಭುವನಕರ್ತಾರದೇವ; 'ಕಲಿಯುಗರುದ್ರ'ನೆಂಬುದು ಆತನ ಬಿರುದು. ಬಿ.ಎಲ್. ರೈಸರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಈತನ ಮರಣದ ಶಾಸನವಿದೆ. ಕಾಲ ಶಕವರ್ಷ 883, ಎಂದರೆ ಕ್ರಿ.ಶ. 961. ಸಂತನೊಬ್ಬನ ಮರಣಲೇಖವೆಂದಮೇಲೆ ಪವಾಡಗಳ ವರ್ಣನೆಯನ್ನು ನಿರೀಕ್ಷಿಸುವುದು ಸಹಜ. ಈ ಕಲ್ಲು ಮಾತ್ರ ಲೆಕ್ಕವನ್ನೊಪ್ಪಿಸುತ್ತದೆ: ಸ್ಥಾನವನ್ನು ಆಳಿದ್ದು 40 ವರ್ಷ, ಕಟ್ಟಿಸಿದ ದೇಗುಲಗಳು 50, ದೊಡ್ಡ ಕೆರೆಗಳು 2.

ಆ ನಲವತ್ತು ವರ್ಷಗಳು ಎಂಥವು ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಸ್ವಲ್ಪ ಯೋಚಿಸಬೇಕು. 941ರಲ್ಲಿ ಪಂಪ ತನ್ನ ಮಹಾಕಾವ್ಯಗಳನ್ನು ರಚಿಸಿದಾಗ ಈತ ಪೀಠವನ್ನೇರಿ ಇಪ್ಪತ್ತು ವರ್ಷವಾಗಿತ್ತು. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರ ಮತ್ತು ಗಂಗರ ಸೇನೆ ಚೋಳರನ್ನು ಎದುರಿಸಿ, ಯುವರಾಜ ರಾಜಾದಿತ್ಯ ಮಡಿದಾಗಲೂ ಈತ ಆವಣಿಯಲ್ಲಿದ್ದ. ಆ ಯುದ್ಧದ ಪ್ರಸ್ತಾಪವಿರುವ ಆತಕೂರಿನ ಶಾಸನವನ್ನೂ, ಅದರಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಯನ್ನೂ ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಕಾಳಿಯ ಮೇಲೆ ನನಗೆ ಅಸೂಯೆಯೇನೂ ಇಲ್ಲ. ಆದರೆ ಯುದ್ಧದ ಕಾಲದಲ್ಲಿ ಕೆರೆ ತೋಡಿಸಿದವನ ಹೆಸರು ಎಷ್ಟು ಜನರಿಗೆ ಗೊತ್ತು?

ಇಂಥದೇ ದುಷ್ಕಾಲದಲ್ಲಿ ಪೀಠವನ್ನೇರಿದ ಇನ್ನೊಬ್ಬ ಸಂತ ನನಗೆ ನೆನಪಾಗುತ್ತಾನೆ. 590ರಿಂದ 604ರವರೆಗೆ ರೋಮಿನ ಪೋಪ್ ಆಗಿದ್ದ ಮಹಾ ಗ್ರೆಗೊರಿ. ಪ್ಲೇಗು ಹಿಂದಿನ ಪೋಪನನ್ನೇ ಬಲಿತೆಗೆದುಕೊಂಡಿತ್ತು. ಲೊಂಬಾರ್ಡರು ನಗರದ ಬಾಗಿಲಿಗೆ ಬಂದಿದ್ದರು. ಪಾರಿವಾಳವೊಂದು ಕಿವಿಯಲ್ಲಿ ಉಸುರಿದುದನ್ನು ಆತ ಬರೆದನೆಂದು ಐತಿಹ್ಯ. ಆದರೆ ಆತನ ಸುಮಾರು 850 ಪತ್ರಗಳು ಉಳಿದಿವೆ. ಸಿಸಿಲಿಯ ಮಠದ ಜಮೀನುಗಳಲ್ಲಿ ಧಾನ್ಯ ಅಳೆಯುವಾಗ ರೈತರಿಗೆ ಮೋಸವಾಗಬಾರದೆಂದು ಪಾರುಪತ್ಯಗಾರರಿಗೆ ಆತ ಬರೆದುದನ್ನು ಓದಿದರೆ, ನನಗಂತೂ ಪಾರಿವಾಳಕ್ಕಿಂತ ಆ ಕೊಳಗವೇ ಹೆಚ್ಚು ಪೂಜ್ಯವೆನಿಸುತ್ತದೆ. ಗ್ರೆಗೊರಿಗೆ ಪತ್ರಗಳು ಸಾಕ್ಷಿ. ನಮ್ಮವನಿಗೆ ಒಂದು ಕಲ್ಲು.

ನಂದಗುಡಿಯಲ್ಲಿ ಬೆಳೆದವನಿಗೆ ಕೆರೆಯ ಬೆಲೆ ಹೇಳಿಕೊಡಬೇಕಾಗಿಲ್ಲ. ನಮ್ಮದು ಹೊಳೆಯಿಲ್ಲದ ನೆಲ. ನೀರುಗಂಟಿ ತೂಬು ಎತ್ತುವ ದಿನ ನಾವು ಮಕ್ಕಳು ಶಾಲೆ ತಪ್ಪಿಸಿ ಏರಿಯ ಮೇಲೆ ನಿಲ್ಲುತ್ತಿದ್ದೆವು. ಆಮೇಲೆ ಕೊಳವೆಬಾವಿಗಳು ಬಂದವು, ನೀರು ಆಳಕ್ಕಿಳಿಯಿತು, ನೀರುಗಂಟಿಯ ಮಕ್ಕಳು ಬೆಂಗಳೂರು ಸೇರಿದರು. 2018ರಿಂದ ಕೋಲಾರದ ಕೆರೆಗಳಿಗೆ ಬೆಂಗಳೂರಿನ ಕೊಳಚೆನೀರನ್ನು ಸಂಸ್ಕರಿಸಿ ಹರಿಸುತ್ತಿದ್ದಾರೆ. ಅದು ಒಳಿತೋ ಕೆಡುಕೋ ಎಂದು ಊರೂರಿನಲ್ಲಿ ವಾದ ನಡೆದಿದೆ.

ಕಳೆದ ಶಿವರಾತ್ರಿಯ ಜಾತ್ರೆಗೆ ಆವಣಿಗೆ ಹೋಗಿದ್ದೆ. ರಾಮೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಗುಡಿಗಳು ಒಂದೇ ಪ್ರಾಕಾರದಲ್ಲಿವೆ. ಬೆಟ್ಟದ ಮೇಲೆ ಸೀತೆ ಇದ್ದಳೆಂದೂ ಲವಕುಶರು ಅಲ್ಲಿಯೇ ಹುಟ್ಟಿದರೆಂದೂ ಜನರ ನಂಬಿಕೆ. ಒಬ್ಬ ವೃದ್ಧೆಯನ್ನು ತ್ರಿಭುವನಕರ್ತಾರನ ವಿಷಯ ಕೇಳಿದೆ. "ಯಾವ ಊರೋರಪ್ಪ ಅವರು?" ಎಂದರು.

ಮರಳಿ ಬಂದ ಮೇಲೆ ಮೊದಲ ಪಾಠದ ದಿನ ಕಪ್ಪುಹಲಗೆಯ ಮೇಲೆ 40, 50, 2 ಎಂಬ ಮೂರು ಅಂಕಿಗಳನ್ನು ಬರೆದೆ. ಆ ಹುಡುಗ ಕೊನೆಯದರ ಕೆಳಗೆ ಗೆರೆ ಎಳೆದುಕೊಂಡ. ವಿಭಕ್ತಿಪ್ರತ್ಯಯಗಳನ್ನು ಮರುದಿನಕ್ಕೆ ಇಟ್ಟುಕೊಂಡೆವು.