ನಿಮಗಿದು ಗೊತ್ತೆ? ಜೂಜಿನ ದಾಳದಿಂದ ಹುಟ್ಟಿದ ಗಣಿತ

ಒಂದು ಘಟನೆ ನಡೆಯುವ ಸಾಧ್ಯತೆ ಎಷ್ಟು ಎಂಬುದರ ಅಳತೆಯೇ ಸಂಭವನೀಯತೆ. ಎಂದೂ ನಡೆಯದ್ದಕ್ಕೆ 0, ನಡೆದೇ ತೀರುವುದಕ್ಕೆ 1. ಉಳಿದದ್ದೆಲ್ಲ ಇವೆರಡರ ನಡುವೆ. ಮೋಸವಿಲ್ಲದ ದಾಳದಲ್ಲಿ ಆರು ಬೀಳುವ ಸಂಭವನೀಯತೆ 1/6.

17ನೇ ಶತಮಾನದ ಫ್ರಾನ್ಸಿನಲ್ಲಿ ಷೆವಾಲಿಯೆ ದ ಮೆರೆ ಎಂಬಾತನನ್ನು ಒಂದು ಒಗಟು ಕಾಡಿತ್ತು. ಒಂದು ದಾಳವನ್ನು 4 ಸಲ ಎಸೆದರೆ ಒಮ್ಮೆಯಾದರೂ ಆರು ಬೀಳುತ್ತದೆಂದು ಪಣ ಕಟ್ಟುವುದು ಲಾಭಕರ. ಜೋಡಿ ದಾಳಗಳನ್ನು 24 ಸಲ ಎಸೆದು, ಒಮ್ಮೆಯಾದರೂ ಎರಡರಲ್ಲೂ ಆರು ಬೀಳುತ್ತದೆಂದು ಕಟ್ಟಿದರೆ ಮಾತ್ರ ನಷ್ಟ. ಏಕೆ?

ಬೀಳುವುದನ್ನು ಬಿಟ್ಟು ಬೀಳದಿರುವುದನ್ನು ಲೆಕ್ಕ ಹಾಕುವುದೇ ಇಲ್ಲಿನ ಸೊಗಸಾದ ಉಪಾಯ. ಒಂದು ಎಸೆತದಲ್ಲಿ ಆರು ಬೀಳದಿರುವ ಸಂಭವನೀಯತೆ 5/6. ಅದನ್ನು ನಾಲ್ಕು ಸಲ ಗುಣಿಸಿದರೆ 625/1296. ಇದನ್ನು 1ರಿಂದ ಕಳೆದರೆ 671/1296, ಅಂದರೆ ಸುಮಾರು ಶೇ 51.8. ಜೋಡಿ ದಾಳದ ಒಂದು ಎಸೆತದಲ್ಲಿ ಎರಡರಲ್ಲೂ ಆರು ಬೀಳದಿರುವ ಸಂಭವನೀಯತೆ 35/36. ಅದನ್ನು 24 ಸಲ ಗುಣಿಸಿ 1ರಿಂದ ಕಳೆದರೆ ಸಿಗುವುದು ಸುಮಾರು ಶೇ 49.1 ಮಾತ್ರ.

ಹೀಗೆ ಗುಣಿಸಬಹುದಾದದ್ದು ಎಸೆತಗಳು ಪರಸ್ಪರ ಸ್ವತಂತ್ರವಾಗಿರುವುದರಿಂದ. ದಾಳಕ್ಕೆ ನೆನಪಿಲ್ಲ, ಮೂರು ಸಲ ಆರು ತಪ್ಪಿದರೂ ನಾಲ್ಕನೆಯದಕ್ಕೆ ಅದೇ 1/6.

ಮೆರೆ ಈ ಬಗೆಯ ಪ್ರಶ್ನೆಗಳನ್ನು ಗಣಿತಜ್ಞ ಬ್ಲೇಸ್ ಪಾಸ್ಕಲ್‌ ಮುಂದಿಟ್ಟ. 1654ರಲ್ಲಿ ಪಾಸ್ಕಲ್ ಮತ್ತು ಇನ್ನೊಬ್ಬ ಗಣಿತಜ್ಞ ಪಿಯರ್ ದ ಫರ್ಮಾ ಅವುಗಳ ಕುರಿತು ಬರೆದುಕೊಂಡ ಪತ್ರಗಳೇ ಸಂಭವನೀಯತಾ ಸಿದ್ಧಾಂತಕ್ಕೆ ಬುನಾದಿಯಾದವು.