ನಿಮಗಿದು ಗೊತ್ತೇ? ನರಗುಂದದ ಜಗಳ, ಗಜೇಂದ್ರಗಡದ ರಾಜಿ

ಟಿಪ್ಪು ಸುಲ್ತಾನನೂ ಮರಾಠರೂ ಎರಡು ವರ್ಷ ಕಾದಾಡಿ ದಣಿದು ಮಾಡಿಕೊಂಡ ರಾಜಿಗೆ ಅಂಟಿಕೊಂಡಿರುವುದು ಗಜೇಂದ್ರಗಡದ ಹೆಸರು. ಇಸವಿ 1787. ಪುಣೆ, ಹೈದರಾಬಾದ್, ಶ್ರೀರಂಗಪಟ್ಟಣ ಮೂರೂ ದರಬಾರುಗಳ ಲೆಕ್ಕಾಚಾರ ಆ ವರ್ಷ ಈ ಗುಡ್ಡದೂರಿನ ಸುತ್ತ ನಡೆದಿತ್ತು.

ಯುದ್ಧದ ಕಿಡಿ ಹೊತ್ತಿದ್ದು ನರಗುಂದದಲ್ಲಿ. ಅಲ್ಲಿನ ಸಂಸ್ಥಾನಿಕ ವೆಂಕಟರಾವ್ ಭಾವೆ ಟಿಪ್ಪುವಿನ ತಂದೆ ಹೈದರನ ಕಾಲದಿಂದ ಮೈಸೂರಿಗೆ ಕಪ್ಪ ಕೊಡುತ್ತಿದ್ದವನು. ಮನಸ್ಸು ಮಾತ್ರ ಪುಣೆಯ ಕಡೆಗಿತ್ತು. ಟಿಪ್ಪು ಕಪ್ಪ ಏರಿಸಿದ. ಭಾವೆ ಪೇಶ್ವೆಯ ಕದ ತಟ್ಟಿದ. ಹಳೆಯ ಜಹಗೀರುದಾರರ ಮೇಲೆ ರೂಢಿಗಿಂತ ಹೆಚ್ಚು ಹೇರುವಂತಿಲ್ಲ ಎಂದು ಪೇಶ್ವೆಯ ಮಂತ್ರಿ ನಾನಾ ಫಡ್ನವೀಸ್ ತಕರಾರು ತೆಗೆದ. ನನ್ನ ಪ್ರಜೆಯಿಂದ ಎಷ್ಟು ವಸೂಲಿ ಮಾಡಬೇಕೆಂಬುದು ನನಗೆ ಬಿಟ್ಟದ್ದು ಎಂಬುದು ಟಿಪ್ಪುವಿನ ಉತ್ತರದ ಸಾರ. ‘ಇದು ನಮ್ಮ ಆಂತರಿಕ ವಿಷಯ, ಹೊರಗಿನವರು ತಲೆಹಾಕಬೇಡಿ’ ಎಂದು ಇವತ್ತು ವಿದೇಶಾಂಗ ವಕ್ತಾರರು ಹೇಳುತ್ತಾರಲ್ಲ, ಅದೇ ಮಾತು.

1785ರಲ್ಲಿ ನರಗುಂದದ ಕೋಟೆ ಬಿತ್ತು. ವೆಂಕಟರಾವ್ ಕಬ್ಬಾಳದುರ್ಗದ ಸೆರೆಗೆ ಹೋದ. ಕಿತ್ತೂರೂ ಟಿಪ್ಪುವಿನ ವಶವಾಯಿತು. ಮರಾಠರು ನಿಜಾಮನನ್ನು ಜೊತೆಗೆ ಕರೆದುಕೊಂಡು ಮರುವರ್ಷ ಬಾದಾಮಿಯನ್ನು ಮುತ್ತಿ ಗೆದ್ದರು, ಗಜೇಂದ್ರಗಡವನ್ನೂ ಹಿಡಿದರು. ಒಬ್ಬ ಸಣ್ಣ ಸಂಸ್ಥಾನಿಕನ ಕಪ್ಪದ ಜಗಳಕ್ಕೆ ಮೂರು ದೊಡ್ಡ ರಾಜ್ಯಗಳು ದಂಡು ಕಟ್ಟಿದವು.

ರಾಜಿಯಲ್ಲಿ ಯಾರಿಗೇನು ಸಿಕ್ಕಿತು? ಬಾದಾಮಿ, ಕಿತ್ತೂರು, ನರಗುಂದ ಮರಾಠರಿಗೆ. ಆದವಾನಿ ನಿಜಾಮನ ಕಡೆಗೆ ವಾಪಸ್. ಮೇಲೆ ಲಕ್ಷಗಟ್ಟಲೆ ರೂಪಾಯಿ ಕೊಡಲು ಟಿಪ್ಪು ಒಪ್ಪಿದ. ರಣರಂಗದಲ್ಲಿ ಸೋತು ಸುಣ್ಣವಾಗದಿದ್ದರೂ ಇಷ್ಟೆಲ್ಲ ಬಿಟ್ಟುಕೊಟ್ಟದ್ದೇಕೆ ಎಂದರೆ, ಇಂಗ್ಲಿಷರು ಮರಾಠರ ಜೊತೆ ಸೇರಿಯಾರೆಂಬ ಅಂಜಿಕೆ ಎನ್ನುತ್ತಾರೆ ಇತಿಹಾಸಕಾರರು. ಬದಲಿಗೆ ಅವನಿಗೆ ದಕ್ಕಿದ್ದು ಬಿರುದು: ಇನ್ನು ಮುಂದೆ ಮರಾಠರು ಅವನನ್ನು ‘ನವಾಬ್ ಟಿಪ್ಪು ಸುಲ್ತಾನ್ ಫತೇ ಅಲಿ ಖಾನ್’ ಎಂದು ಸಂಬೋಧಿಸಬೇಕು. ಹೆಸರಿನ ಮುಂದೆ ಏನು ಹಾಕಬೇಕೆಂಬುದಕ್ಕೂ ರಾಜತಂತ್ರದಲ್ಲಿ ಬೆಲೆಯುಂಟು.

ಅದೇ 1787ರಲ್ಲಿ ಟಿಪ್ಪುವಿನ ರಾಯಭಾರಿಗಳು ಪಾಂಡಿಚೇರಿಯಿಂದ ಫ್ರಾನ್ಸಿಗೆ ಹಡಗು ಹತ್ತಿದರು. ಮರುವರ್ಷ ಹದಿನಾರನೇ ಲೂಯಿಯ ಭೇಟಿಯೂ ಆಯಿತು.

ಗಜೇಂದ್ರಗಡದ ಶಾಂತಿ ಎಷ್ಟು ದಿನ ಬಾಳಿತು? ಮೂರೇ ವರ್ಷ. 1790ರಲ್ಲಿ ಮರಾಠರು ಇಂಗ್ಲಿಷರ ಕೂಡಿಕೆಯಲ್ಲಿ ಧಾರವಾಡ ಕೋಟೆಯನ್ನು ಮುತ್ತಿದ್ದರು.

ನರಗುಂದದ ಎರಡನೇ ಜಗಳದಲ್ಲಿ ರಾಜತಂತ್ರಜ್ಞನೇ ಜೀವ ಕಳೆದುಕೊಂಡ. ಬಾಬಾಸಾಹೇಬ ಎಂದೇ ಹೆಸರಾದ ಅಲ್ಲಿನ ಸಂಸ್ಥಾನಿಕ ಭಾಸ್ಕರರಾವ್ ಭಾವೆಗೆ ಗಂಡುಸಂತಾನವಿರಲಿಲ್ಲ. ದತ್ತಕಕ್ಕೆ ಬ್ರಿಟಿಷರು ಒಪ್ಪಿಗೆ ಕೊಡಲಿಲ್ಲ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ನರಗುಂದದವರು ಕೊಂದರು. ಪೊಲಿಟಿಕಲ್ ಏಜೆಂಟ್ ಎಂದರೆ ಸಂಸ್ಥಾನಗಳ ಜೊತೆ ಸರ್ಕಾರದ ಪರವಾಗಿ ಮಾತಾಡುವ ಅಧಿಕಾರಿ. ನರಗುಂದಕ್ಕೆ ಹೋಗಬೇಡಿ ಎಂದು ಅವನಿಗೆ ಬುದ್ಧಿ ಹೇಳಿದ್ದವನು ಬಾಬಾಸಾಹೇಬನ ಮಲಸಹೋದರನೇ ಆದ ರಾಮದುರ್ಗದ ಸಂಸ್ಥಾನಿಕ! ಎರಡೇ ವಾರದಲ್ಲಿ, ಜೂನ್ 12ರಂದು, ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಇನ್ನೂ ಹಿಂದಕ್ಕೆ ಹೋದರೆ, ಗಜೇಂದ್ರಗಡದ ಹತ್ತಿರದ ಸೂಡಿ ಕಲ್ಯಾಣ ಚಾಲುಕ್ಯರ ಟಂಕಸಾಲೆಯಿದ್ದ ಊರು. ಕಿಸುಕಾಡು ಎಪ್ಪತ್ತನ್ನು ಆಳಿದ ರಾಜಕುಮಾರಿ ಅಕ್ಕಾದೇವಿಯ ಹೆಸರು ಅಲ್ಲಿನ ಶಾಸನಗಳಲ್ಲಿದೆ. ಗೋಕಾಕ ಕೋಟೆಗೆ ಮುತ್ತಿಗೆ ಹಾಕಿದ್ದ ಗಟ್ಟಿಗಿತ್ತಿ ಅವಳು.

 

ಈಗ ಜಪಾನಿಗೆ ಹೋಗೋಣ. ಊರೊಂದು ದೇಶವನ್ನೇ ಜಗಳಕ್ಕೆ ಎಳೆಯುವುದು ಹದಿನೆಂಟನೇ ಶತಮಾನಕ್ಕೆ ಮುಗಿದ ಕತೆ ಎಂದುಕೊಂಡಿದ್ದರೆ 2012 ನೋಡಿ. ಚೀನಾ ತನ್ನದೆನ್ನುವ ಸೆಂಕಾಕು ದ್ವೀಪಗಳನ್ನು ಖಾಸಗಿ ಮಾಲೀಕರಿಂದ ಟೋಕಿಯೊ ಆಡಳಿತವೇ ಕೊಳ್ಳುತ್ತದೆಂದು ಆ ಏಪ್ರಿಲ್‌ನಲ್ಲಿ ಗವರ್ನರ್ ಇಶಿಹಾರ ಘೋಷಿಸಿದರು. ಜನರಿಂದ ದೇಣಿಗೆಯೂ ಹರಿದುಬಂತು. ವ್ಯವಹಾರ ಅವರ ಕೈಗೆ ಹೋದರೆ ಕೆಟ್ಟೀತೆಂದು ಕೇಂದ್ರ ಸರ್ಕಾರವೇ ಸೆಪ್ಟೆಂಬರಿನಲ್ಲಿ ದ್ವೀಪಗಳನ್ನು ಕೊಂಡಿತು. ಆದರೂ ಚೀನಾದ ನಗರಗಳಲ್ಲಿ ಜಪಾನ್ ವಿರುದ್ಧ ಭಾರೀ ಪ್ರತಿಭಟನೆಗಳಾದವು. ವೆಂಕಟರಾವ್ ಭಾವೆಗೆ ಇದು ಚೆನ್ನಾಗಿ ಅರ್ಥವಾಗುತ್ತಿತ್ತು.

2005ರಲ್ಲಿ ಜಪಾನಿನ ಶಿಮಾನೆ ಪ್ರಾಂತ್ಯ ತಕೆಶಿಮಾ ದ್ವೀಪದ ಹೆಸರಿನಲ್ಲಿ ‘ತಕೆಶಿಮಾ ದಿನ’ ಆಚರಿಸಲು ಕಾನೂನು ಮಾಡಿತು. ಜಪಾನ್ ತನ್ನದೆನ್ನುವ ಆ ದ್ವೀಪ ದಕ್ಷಿಣ ಕೊರಿಯಾದ ಹಿಡಿತದಲ್ಲಿದೆ. ಶಿಮಾನೆಯ ಜೊತೆ ಸೋದರ ಸಂಬಂಧವಿಟ್ಟುಕೊಂಡಿದ್ದ ಕೊರಿಯಾದ ಉತ್ತರ ಗ್ಯೊಂಗ್‌ಸಾಂಗ್ ಪ್ರಾಂತ್ಯ ಕೂಡಲೇ ನಂಟು ಕಡಿದುಕೊಂಡಿತು.

ಊರುಗಳು ಕೆಡಿಸುವುದಷ್ಟೇ ಅಲ್ಲ, ಕಟ್ಟುವುದೂ ಉಂಟು. ಅಣುಬಾಂಬಿಗೆ ತುತ್ತಾದ ನಾಗಾಸಾಕಿ ಹತ್ತೇ ವರ್ಷದಲ್ಲಿ, 1955ರಲ್ಲಿ, ಅಮೆರಿಕದ ಸೇಂಟ್ ಪಾಲ್ ನಗರದ ಸೋದರಿಯಾಯಿತು. ಮುಂಬೈ ಮತ್ತು ಯೊಕೊಹಾಮ 1965ರಿಂದ ಸೋದರ ನಗರಗಳು.

ಕೋಬೆ ನಗರಸಭೆಯ ಗಟ್ಟಿತನ ಕೇಳಿ. 1975ರಲ್ಲಿ ಅದೊಂದು ನಿರ್ಣಯ ಮಾಡಿತು: ಹಡಗಿನಲ್ಲಿ ಅಣ್ವಸ್ತ್ರವಿಲ್ಲ ಎಂಬ ಪತ್ರ ಕೊಟ್ಟರೆ ಬಂದರಿಗೆ ಪ್ರವೇಶ, ಇಲ್ಲವಾದರೆ ಇಲ್ಲ. ಬಂದರಿನ ಉಸ್ತುವಾರಿ ನಗರದ್ದೇ ಆದ್ದರಿಂದ ಇದು ನಡೆಯಿತು. ರಕ್ಷಣೆಯ ಮಾತು ಕೇಂದ್ರದ್ದು, ಬಂದರಿನ ಬಾಗಿಲು ನಮ್ಮದು ಎಂಬ ಈ ಉಪಾಯ ನನಗಂತೂ ಮೆಚ್ಚುಗೆ.

ಜಪಾನಿನ ನೆಲದಲ್ಲಿ ಓಕಿನಾವದ ಪಾಲು ಶೇ 0.6. ಅಮೆರಿಕದ ಪಡೆಗಳಿಗೆ ಮೀಸಲಾದ ನೆಲೆಗಳ ಪೈಕಿ ಸುಮಾರು ಶೇ 70ರಷ್ಟು ಜಾಗ ಅಲ್ಲಿದೆ. ಟೋಕಿಯೊ ತಮ್ಮ ಅಹವಾಲನ್ನು ಅಮೆರಿಕಕ್ಕೆ ಮುಟ್ಟಿಸುತ್ತಿಲ್ಲವೆಂದು ಓಕಿನಾವದ ಆಡಳಿತಗಾರರು 2015ರಲ್ಲಿ ವಾಷಿಂಗ್ಟನ್‌ನಲ್ಲಿ ಸ್ವಂತ ಕಚೇರಿ ತೆರೆದರು.

ನಮ್ಮಲ್ಲಿ? ಸಂವಿಧಾನದ ಏಳನೇ ಅನುಸೂಚಿಯಲ್ಲಿ ವಿದೇಶ ವ್ಯವಹಾರ ಪೂರ್ತಿ ಕೇಂದ್ರದ ಪಟ್ಟಿಯಲ್ಲಿದೆ. ಪಂಚಾಯಿತಿಗಳಿಗೆ 29, ಪುರಸಭೆ–ನಗರಸಭೆಗಳಿಗೆ 18 ವಿಷಯಗಳನ್ನು ಗುರುತಿಸಿದ್ದಾರೆ. ಹೊರದೇಶದ ಸುದ್ದಿ ಯಾವುದರಲ್ಲೂ ಇಲ್ಲ. ಆದರೂ 2015ರಲ್ಲಿ ಕರ್ನಾಟಕಕ್ಕೂ ಚೀನಾದ ಸಿಚುವಾನ್ ಪ್ರಾಂತ್ಯಕ್ಕೂ ಸೋದರ ಸಂಬಂಧದ ಒಪ್ಪಂದವಾಯಿತು.

ನರಗುಂದದ ಇವತ್ತಿನ ‘ವಿದೇಶಾಂಗ ನೀತಿ’ ಪಣಜಿಯ ಜೊತೆ. ಗೋವಾಕ್ಕೆ ಹರಿಯುವ ಮಹದಾಯಿಯ ಕಳಸಾ–ಬಂಡೂರಿ ಹಳ್ಳಗಳ ನೀರು ಮಲಪ್ರಭೆಗೆ ಬರಲೆಂದು 2015ರ ಜುಲೈನಲ್ಲಿ ಅಲ್ಲಿನ ರೈತರು ಧರಣಿ ಕೂತರು. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಗೋವಾ ಪಟ್ಟು ಬಿಟ್ಟಿಲ್ಲ.

ಮೈಸೂರು ಯುದ್ಧಗಳ ಪಾಠ ಮಾಡುವ ಗದಗ ಜಿಲ್ಲೆಯ ಮಾಸ್ತರರಲ್ಲಿ ಒಂದು ವಿನಂತಿ: ಶ್ರೀರಂಗಪಟ್ಟಣದ 1792ರ ಒಪ್ಪಂದಕ್ಕೆ ಬರುವ ಮುನ್ನ ನಕಾಶೆಯಲ್ಲಿ ಗಜೇಂದ್ರಗಡದ ಮೇಲೆ ಒಮ್ಮೆ ಬೆರಳಿಡಿ.